ಮಾಯಿಗ ಕೂಲಿ ಹೇಳಿದ್ದು

ಗಾರೆಕೊಪ್ಪಲು ಅಂತ ಒಂದು ಊರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳಿಗೆ ಮಾಯಿಗ ಅಂತ ಒಬ್ಬನೇ ಮಗ. ಕೇಳ್ರಪ್ಪ, ಅವನ ಕೈಯಂಥ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅವನ ತಲೆಯಂಥ ತಲೆಯೂ ಇನ್ನೊಂದಿರಲಿಲ್ಲ.

ಕೈ ಹೇಗೆ ಅಂದರೆ, ಅವನು ಗಾರೆ ಬಳಿದ ಗೋಡೆ ಗೋಡೆಯಾಗಿ ಉಳೀತಿರಲಿಲ್ಲ, ನಿಂತ ನೀರಾಗುತ್ತಿತ್ತು. ಸುಣ್ಣ ನೆನೆಹಾಕಿ, ಮರಳು ಬೆರೆಸಿ, ಬೆಲ್ಲದ ನೀರು ಬಿಟ್ಟು ಅರೆದು, ಕೊನೇ ಪದರಕ್ಕೆ ಕೋಳಿಮೊಟ್ಟೆಯ ಬಿಳಿ ಸೇರಿಸಿ, ನುಣ್ಣನೆಯ ಹೊಳೆಗಲ್ಲಲ್ಲಿ ಉಜ್ಜಿದ ಅಂದರೆ ಎದುರಿಗೆ ನಿಂತವರ ಮೂಗುತಿ ಗೋಡೆಯೊಳಗೆ ಮಿನುಗುತ್ತಿತ್ತು. ತಲೆ ಹೇಗೆ ಅಂದರೆ, ಹೇಳಿದ್ದು ಹೇಳಿದ ಹಾಗೇ. "ಬಾಯಿ ಮುಚ್ಕೊಂಡು ಉಣ್ಣೋ" ಅಂದರೆ ಮುದ್ದೆ ಮುಂದಿಟ್ಟುಕೊಂಡು ಬಾಯಿ ಮುಚ್ಚಿ ಕೂತಿರುವವನು.

ಅಪ್ಪ ಕೆಂಚಯ್ಯ ಇರೋವರೆಗೆ ತೊಂದರೆ ಇರಲಿಲ್ಲ. ಮಾತು ಅಪ್ಪನದು, ಕೆಲಸ ಮಗನದು. ಅಪ್ಪ ಹೋಗಿ ಗೋಡೆ ನೋಡಿ, ಇಷ್ಟು ಸುಣ್ಣ, ಇಷ್ಟು ದಿನ, ಇಷ್ಟು ಕೂಲಿ ಅಂತ ಅಂದಾಜು ಹೇಳಿ ಒಪ್ಪಿಸಿ ಬರೋನು. ಮಗ ಹೋಗಿ ಗೋಡೆ ಬೆಳಗಿ ಬರೋನು. ಆ ಕೆಂಚಯ್ಯ ಒಂದು ಬೇಸಿಗೆಯಲ್ಲಿ ತೀರಿಕೊಂಡ. ರಾಗಿ ತುಂಬಿಡೋ ವಾಡೆ ತಳ ಕಂಡಿತು. ಸುಣ್ಣದ ಗುಂಡಿ ಒಣಗಿ ಬಿರಿಯಿತು.

ಇಟ್ಟಿಗೆ ಗೂಡಿನ ಮೇಸ್ತ್ರಿ ಬಾಗಿಲಿಗೆ ಬಂದು ಹೇಳಿದ. "ನಿನ್ನ ಮಗನ್ನ ಇಟ್ಟಿಗೆ ಹೊರೋಕೆ ಕಳಿಸು ನಿಂಗಾಜಮ್ಮ. ಅಲ್ಲಿ ಮಾತಾಡೋ ಕೆಲಸ ಇಲ್ಲ."

"ಗೌರಿ ಹಬ್ಬದ ತನಕ ನೋಡ್ತೀನಿ ಕಣಪ್ಪ. ಅಷ್ಟರಲ್ಲಿ ಒಂದು ಕೆಲಸ ಹಿಡೀದೇ ಹೋದ್ರೆ ಕಳಿಸ್ತೀನಿ" ಅಂದಳು ನಿಂಗಾಜಮ್ಮ. ಅಂದವಳು ಒಳಗೆ ಹೋಗಿ ಒಲೆ ಮುಂದೆ ಕೂತು ಅತ್ತಳು. ಅಂಥ ಕೈ ಇಟ್ಟಿಗೆ ಹೊರೋದಾ ಅಂತ.

ಅತ್ತು ಮುಗಿಸಿ ಮಗನ್ನ ಕರೆದಳು. "ಲೋ ಮಾಯಿಗ, ಬಳೆ ಅಂಗಡಿ ಪುಟ್ಟತಾಯಮ್ಮ ಗೋಡೆಗೆ ಗಾರೆ ಮಾಡಿಸ್ತಾಳಂತೆ. ಹೋಗಿ ಗೋಡೆ ನೋಡು. ಕೂಲಿ ಮಾತಾಡ್ಕೊಂಡು ಬಾ."

"ಸರಿ ಕಣವ್ವ."

ಹೋದ. ಗೋಡೆ ನೋಡಿದ. ಪುಟ್ಟತಾಯಮ್ಮ "ಏನಪ್ಪ, ಎಷ್ಟಾಗುತ್ತೆ" ಅಂತ ಕೇಳುವಷ್ಟರಲ್ಲಿ ತಿರುಗಿ ಹೊರಟೇಬಿಟ್ಟ. ದಾರಿಯುದ್ದಕ್ಕೂ "ಕೂಲಿ ಕೂಲಿ ಕೂಲಿ ಕೂಲಿ" ಅಂತ ಮಾತಾಡ್ಕೊಂಡೇ ಬಂದ. ಹೊಸ್ತಿಲು ದಾಟಿ ಬಾಯಿ ನಿಲ್ಲಿಸಿದ.

"ಏನೋ ಆಯ್ತು?"

"ಮಾತಾಡ್ಕೊಂಡು ಬಂದೆ ಕಣವ್ವ. ಒಂದು ಕಡೆನೂ ನಿಲ್ಲಿಸಲಿಲ್ಲ. ಗಂಟಲು ಒಣಗೈತೆ, ನೀರು ಕೊಡು."

ನಿಂಗಾಜಮ್ಮ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ಪೆದ್ದೇ, ದಾರಿ ಜೊತೆ ಮಾತಾಡಿದ್ರೆ ಕೆಲಸ ಕೊಡ್ತಾರೇನೋ. ಮನೆ ಯಜಮಾನನ ಎದುರು ನಿಲ್ಲಬೇಕು. ಮುಖ ನೋಡಿ ಕೂಲಿ ಹೇಳಬೇಕು."

"ಮುಖ ನೋಡಿ ಹೇಳಬೇಕು. ಸರಿ ಕಣವ್ವ."

ಮಾರನೇ ವಾರ ಗಾಣದ ಸಿದ್ಧಶೆಟ್ಟರು ಕರೆಸಿದರು. ಎಣ್ಣೆ ಮಾರಿ ದೊಡ್ಡ ಮನೆ ಕಟ್ಟಿಸಿದವರು, ಮಾತಿಗೆ ಮುಂಚೆ ಕೆಮ್ಮುವವರು. ಮಾಯಿಗ ಅವರ ಎದುರು ನಿಂತ. ಮುಖ ನೋಡಿದ. ಹತ್ತಿರ ಬಂದು ನೋಡಿದ. ಬೆಳಕಿಗೆ ತಿರುಗಿಸಿ ನೋಡಿದ. ಹೆಬ್ಬೆರಳಲ್ಲಿ ಹಣೆ ಸವರಿ ನೋಡಿದ. ಶೆಟ್ಟರು ಕೆಮ್ಮೋದನ್ನೇ ಮರೆತು ನಿಂತರು.

"ಹಣೆ ಮೇಲೆ ಮೂರು ಬಿರುಕು, ಶೆಟ್ರೆ. ಅದಕ್ಕೆ ಮೂರು ರೂಪಾಯಿ. ಮೂಗಿನ ಪಕ್ಕ ಒಂದು ಗುಂಡಿ, ಅದಕ್ಕೊಂದು ರೂಪಾಯಿ. ಎಡಗೆನ್ನೆ ಸ್ವಲ್ಪ ಇಳಿದದೆ, ಅದನ್ನ ಎತ್ತಿ ನಿಲ್ಲಿಸಬೇಕು, ಅದಕ್ಕೆ ಎರಡು. ಒಟ್ಟು ಆರು ರೂಪಾಯಿ. ಮೂರು ದಿನ ನೀರು ಬಿಡಬೇಕು, ಬಿಸಿಲಿಗೆ ಹೋಗಬಾರದು."

ಆಳುಗಳು ನಗೋಕೆ ಬಾಯಿ ತೆರೆದರು. ಶೆಟ್ಟರು ನಗಲಿಲ್ಲ. ಮೂಗಿನ ಪಕ್ಕದ ಗುಂಡಿ ಮುಟ್ಟಿಕೊಂಡರು. "ಇದು ಸಿಡುಬು ಬಂದಾಗಿಂದು ಕಣಯ್ಯ. ನನಗಾಗ ಆರು ವರ್ಷ. ನನ್ನ ಹೆಂಡತಿನೂ ಇದನ್ನ ಇಷ್ಟು ನಿಗಾ ಇಟ್ಟು ನೋಡಿರಲಿಲ್ಲ" ಅಂದರು. ಒಂದು ಚೊಂಬು ಒಳ್ಳೆಣ್ಣೆ ಕೊಟ್ಟು ಕಳಿಸಿದರು. ಗೋಡೆ ಮಾತು ಮಾತ್ರ ಎತ್ತಲಿಲ್ಲ. ಮಾಯಿಗನೂ ಎತ್ತಲಿಲ್ಲ.

ನಿಂಗಾಜಮ್ಮ ಎಣ್ಣೆ ಚೊಂಬು ಕೆಳಗಿಟ್ಟು ಬೈದಳು. "ಮುಖಕ್ಕೆ ಹೇಳಿ ಬಂದ್ಯೇನೋ ಕೂಲೀನ. ಮುಖ ಏನು ಕೂಲಿ ಕೊಡುತ್ತಾ? ಗೋಡೆಗೆ ಹೇಳಬೇಕು ಕಣೋ, ಗೋಡೆಗೆ."

"ಗೋಡೆಗೆ ಹೇಳಬೇಕು. ಸರಿ ಕಣವ್ವ."

ಸಂತೆ ದಾರಿಯಲ್ಲಿ ಒಂದು ಛತ್ರ. ಹೋಗಿ ಬರೋರು ಉಳಿಯೋ ಜಾಗ. ಅದನ್ನ ನೋಡಿಕೊಳ್ಳೋನು ಶಿವಣ್ಣಾಚಾರಿ. ಅವನು ಕರೆದು, "ಈ ಹಿಂದಿನ ಗೋಡೆಗೆ ಏನು ಕೂಲಿ ಹೇಳ್ತೀಯ" ಅಂದ.

ಮಾಯಿಗ ಅವನ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಗೋಡೆ ಹತ್ತಿರ ಹೋದ. ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಹೇಳಿದ. "ನಲವತ್ತು ರೂಪಾಯಿ. ಮೊಟ್ಟೆ ಬೇರೆ." ಹೇಳಿ ಕಿವಿ ಇಟ್ಟು ಕಾದ. ಗೋಡೆ ಏನೂ ಅನ್ನಲಿಲ್ಲ. ಬೆರಳ ಗೆಣ್ಣಲ್ಲಿ ತಟ್ಟಿ ಇನ್ನೊಂದು ಸಲ ಹೇಳಿದ. ಮತ್ತೆ ಕಿವಿ ಇಟ್ಟ. ಉಳಿದುಕೊಂಡಿದ್ದವರೆಲ್ಲ ಬುತ್ತಿ ಬಿಟ್ಟು ಬಂದು ಸುತ್ತ ನಿಂತರು.

"ಏನಂತೆ?" ಅಂದ ಶಿವಣ್ಣಾಚಾರಿ. ಅವನಿಗೇ ಗೊತ್ತಿಲ್ಲದೆ ದನಿ ಇಳಿದಿತ್ತು.

"ಒಪ್ಪಿದೆ ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ಒಳಗೆ ಸರಸರ ಸರಸರ ಅಂತಿದೆ."

ಶಿವಣ್ಣಾಚಾರಿ ಆಳನ್ನ ಕೂಗಿದ. ಗುದ್ದಲಿ ತರಿಸಿ ಒಂದು ಮೂಲೆ ಕೆಡವಿಸಿದ. ಒಳಗೆ ಗೆದ್ದಲು. ತೊಲೆ ಪೂರಾ ತಿಂದು ಹಿಟ್ಟು ಮಾಡಿತ್ತು. ಬೆರಳು ಇಟ್ಟರೆ ಬೆರಳು ಒಳಗೆ ಹೋಯಿತು. ಆ ಗೋಡೆಗೆ ಬೆನ್ನು ಕೊಟ್ಟು ಎಷ್ಟು ಜನ ಮಲಗಿದ್ದರೋ. ಒಬ್ಬ ಅಜ್ಜ ಹೆಗಲ ವಲ್ಲಿ ತೆಗೆದು ಮಾಯಿಗನಿಗೆ ಕೈ ಮುಗಿದ. ಮಾಯಿಗ ಅಜ್ಜನಿಗೆ ತಿರುಗಿ ಕೈ ಮುಗಿದ.

ಮಿಕ್ಕ ಗೋಡೆನೂ ಬಿತ್ತು, ಜನ ಉಳಿದರು. ಗಾರೆ ಬಳಿಯೋಕೆ ಮಾತ್ರ ಗೋಡೆ ಇಲ್ಲ.

"ಗೋಡೆಗೆ ಹೇಳಿದೆ ಕಣವ್ವ, ಅದು ಬಿದ್ದೋಯ್ತು" ಅಂದ ಮಗ.

ನಿಂಗಾಜಮ್ಮನಿಗೆ ಬೈಯೋಕೂ ಶಕ್ತಿ ಉಳಿದಿರಲಿಲ್ಲ. ಗೌರಿ ಹಬ್ಬಕ್ಕೆ ಇನ್ನು ಹದಿನೆಂಟು ದಿನ. ಮಗನನ್ನ ಪಕ್ಕಕ್ಕೆ ಕೂರಿಸಿಕೊಂಡು ಮಗುವಿಗೆ ಹೇಳಿದ ಹಾಗೆ ಹೇಳಿದಳು. "ನೋಡು ಮಗ. ನಿಮ್ಮಪ್ಪ ಹೇಗೆ ಮಾಡ್ತಿದ್ದ ಗೊತ್ತಾ? ಕೂಲೀನ ಮೇಲಿಂದ ಹೇಳ್ತಿದ್ದ. ಅವರು ಇಳಿ ಇಳಿ ಅಂತ ಎಳೀತಾರೆ. ಎಳೆದಾಗ ಒಂದೊಂದೇ ಇಳೀಬೇಕು. ಪೂರ್ತಿ ಮಾತ್ರ ಇಳೀಬಾರದು. ಪೂರ್ತಿ ಇಳಿದೆಯೋ, ಕೆಟ್ಟೆ."

"ಮೇಲಿಂದ ಹೇಳಬೇಕು. ಒಂದೊಂದೇ ಇಳೀಬೇಕು. ಪೂರ್ತಿ ಇಳೀಬಾರದು. ಸರಿ ಕಣವ್ವ."

ಅಷ್ಟರಲ್ಲಿ ಗೋಡೆ ಜೊತೆ ಮಾತಾಡೋನು ಒಬ್ಬ ಇದಾನೆ ಅನ್ನೋ ಸುದ್ದಿ ಹೊಳೆ ದಾಟಿ ಆಚೆ ದಡಕ್ಕೆ ಹೋಗಿತ್ತು. ಅಲ್ಲಿ ದೇವೀರಮ್ಮಣ್ಣಿ ಅಂತ ಒಬ್ಬರು ಶ್ರೀಮಂತ ಹೆಂಗಸು. ಹರಿಕಥೆ ಮಾಡಿಸೋಕೆ ಅಂತ ದೊಡ್ಡ ಚಾವಡಿ ಕಟ್ಟಿಸಿದ್ದರು. ವ್ಯಾಪಾರದಲ್ಲಿ ಅವರನ್ನ ಗೆದ್ದವರು ಯಾರೂ ಇರಲಿಲ್ಲ. ಅವರೇ ಗಾಡಿ ಕಳಿಸಿ ಮಾಯಿಗನನ್ನ ಕರೆಸಿಕೊಂಡರು.

"ಈ ದೊಡ್ಡ ಗೋಡೆ ನೋಡಪ್ಪ. ಎಷ್ಟು ಹೇಳ್ತೀಯ?"

ಮಾಯಿಗ ಸುತ್ತ ನೋಡಿದ. ಮೂಲೆಯಲ್ಲಿ ಒಂದು ಏಣಿ ಒರಗಿಸಿತ್ತು. ಅದನ್ನ ಹತ್ತಿದ. ತುತ್ತತುದಿಗೆ ಹೋಗಿ, ತೊಲೆಗೆ ತಲೆ ತಾಗಿಸಿಕೊಂಡು ಕೂತು, ಅಲ್ಲಿಂದ ಹೇಳಿದ. "ಮುನ್ನೂರು ರೂಪಾಯಿ."

ಆ ಕಾಲಕ್ಕೆ ಮುನ್ನೂರು ಅಂದರೆ ಒಂದು ಜೊತೆ ಎತ್ತು, ಗಾಡಿ ಸಮೇತ. ದೇವೀರಮ್ಮಣ್ಣಿ ಕತ್ತೆತ್ತಿ ನೋಡಿದರು. "ಅಷ್ಟು ಮೇಲೆ ಹೋದ್ರೆ ಹೇಗಪ್ಪ. ಇಳಿ ಸ್ವಲ್ಪ."

ಮಾಯಿಗ ಒಂದು ಮೆಟ್ಟಿಲು ಇಳಿದ. "ಮುನ್ನೂರು ರೂಪಾಯಿ."

"ಇನ್ನೂರು ಕೊಡ್ತೀನಿ. ಇಳಿ."

ಇನ್ನೊಂದು ಮೆಟ್ಟಿಲು ಇಳಿದ. "ಮುನ್ನೂರು ರೂಪಾಯಿ."

"ಇನ್ನೂರೈವತ್ತು. ಇನ್ನೂ ಇಳಿ."

ಇನ್ನೂ ಇಳಿದ. "ಮುನ್ನೂರು ರೂಪಾಯಿ."

ಹೀಗೇ ಅವರು ಇಳಿ ಅಂದರು, ಇವನು ಇಳಿದ. ಇವನು ಇಳಿದ, ಕೂಲಿ ಇಳಿಯಲಿಲ್ಲ. ಹದಿನಾಲ್ಕು ಮೆಟ್ಟಿಲೂ ಆಯಿತು. ಕೊನೇ ಮೆಟ್ಟಿಲಿಗೆ ಬಂದು, ನೆಲಕ್ಕೆ ಒಂದು ಗೇಣು ಇದೆ ಅನ್ನೋವಾಗ ನಿಂತುಬಿಟ್ಟ. "ಇನ್ನು ಇಳಿಯೋ ಹಾಗಿಲ್ಲ ಅಮ್ಮಾವ್ರೆ. ಪೂರ್ತಿ ಇಳಿದ್ರೆ ಕೆಟ್ಟೆ."

ದೇವೀರಮ್ಮಣ್ಣಿ ಅವನ ಕಣ್ಣು ನೋಡಿದರು. ಆ ಕಣ್ಣಲ್ಲಿ ಅಂಜಿಕೆ ಇಲ್ಲ, ಆಸೆ ಇಲ್ಲ, ಮೋಸ ಇಲ್ಲ. ನಲವತ್ತು ವರ್ಷ ಚೌಕಾಶಿ ಮಾಡಿದ ಹೆಂಗಸು ಮೊದಲನೇ ಸಲ ಸುಸ್ತಾಗಿ ಜಗಲಿ ಮೇಲೆ ಕೂತರು. "ಇಂಥ ಗಟ್ಟಿ ಮನುಷ್ಯನ್ನ ನಾನು ಕಂಡಿಲ್ಲ. ಮುನ್ನೂರೇ ಇರಲಿ. ಈಗ ಇಳಿಯಪ್ಪ."

"ಪೂರ್ತಿ ಇಳಿಯೋ ಹಾಗಿಲ್ಲ."

ಎಷ್ಟು ಹೇಳಿದರೂ ಇಳಿಯಲಿಲ್ಲ. ಕಡೆಗೆ ನಾಲ್ಕು ಆಳು ಸೇರಿ ಏಣಿ ಸಮೇತ ಎತ್ತಿ ಗಾಡಿ ಮೇಲೆ ನಿಲ್ಲಿಸಿ ಹಿಡಿದುಕೊಂಡರು. ಗಾಡಿ ಗಾರೆಕೊಪ್ಪಲಿಗೆ ಹೊರಟಿತು. ದಾರಿ ಬದಿಯ ಜನ ಇದು ಯಾವ ದೇವರ ಮೆರವಣಿಗೆಯೋ ಅಂತ ಎಕ್ಕಡ ಬಿಟ್ಟು ನಿಂತರು.

ನಿಂಗಾಜಮ್ಮ ಬಾಗಿಲಿಗೆ ಬಂದಳು. "ಇಳಿಯೋ ಕೆಳಕ್ಕೆ."

"ಪೂರ್ತಿನಾ ಅವ್ವ?"

"ಪೂರ್ತಿ ಕಣೋ."

ಇಳಿದ. ಆಳುಗಳು ಮುನ್ನೂರಕ್ಕೆ ಒಪ್ಪಂದ ಆದದ್ದು ಹೇಳಿದರು. ಕೆಂಚಯ್ಯ ಇಡೀ ವರ್ಷ ಓಡಾಡಿದರೂ ಮುನ್ನೂರು ಕಂಡವನಲ್ಲ. ಮಗನ ಮುಖವನ್ನ ಹೊಸಬರ ಮುಖ ನೋಡಿದ ಹಾಗೆ ನೋಡಿದಳು. ನೋಡಿ, ಆದರೂ ಎಚ್ಚರಿಕೆಗೆ ಇರಲಿ ಅಂತ ಒಂದು ಮಾತು ಹೇಳಿದಳು. "ದೊಡ್ಡ ದುಡ್ಡು ಮಗ. ಅರ್ಧ ಮೊದಲೇ ಇಸ್ಕೊ. ಇನ್ನರ್ಧ ಕೆಲಸ ಆದ ಮೇಲೆ."

"ಅರ್ಧ ಮೊದಲೇ. ಇನ್ನು, ಅರ್ಧ ಕೆಲಸ ಆದ ಮೇಲೆ. ಸರಿ ಕಣವ್ವ."

ಹೋಗಿ ನೂರೈವತ್ತು ಇಸ್ಕೊಂಡ. ಸುಣ್ಣ ಅರೆದ. ಬೆಲ್ಲದ ನೀರು ಬಿಟ್ಟ. ಬಾಗಿಲು ಹಾಕಿಕೊಂಡು ಹನ್ನೊಂದು ದಿನ ಉಜ್ಜಿದ. ಹನ್ನೆರಡನೇ ದಿನ ಹೊರಗೆ ಬಂದು, "ಅರ್ಧ ಕೆಲಸ ಆಯ್ತು ಅಮ್ಮಾವ್ರೆ. ಉಳಿದ ದುಡ್ಡು ಕೊಡಿ, ಮನೆಗೆ ಹೋಗ್ತೀನಿ" ಅಂದ.

"ಅರ್ಧ ಕೆಲಸ ಮಾಡಿ ಮನೆಗೆ ಹೋಗೋದು ಅಂದ್ರೇನಯ್ಯ" ಅಂತ ದೇವೀರಮ್ಮಣ್ಣಿ ಸಿಟ್ಟಲ್ಲಿ ಒಳಗೆ ಕಾಲಿಟ್ಟರು. ಕಾಲಿಟ್ಟವರು ಅಲ್ಲೇ ನಿಂತರು.

ಬಲಗಡೆ ಅರ್ಧ, ಬರೀ ಇಟ್ಟಿಗೆ. ಎಡಗಡೆ ಅರ್ಧ ಗೋಡೆ ಅಲ್ಲ. ಅಲ್ಲಿ ಇನ್ನೊಂದು ಚಾವಡಿ ಇತ್ತು, ಅದರ ಬಾಗಿಲಾಚೆ ಆಕಾಶ ಇತ್ತು, ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಹಿಂದೆ ಬಂದ ಆಳು ಆ ಬಾಗಿಲು ದಾಟೋಕೆ ಹೋಗಿ ಹಣೆ ಹೊಡೆಸಿಕೊಂಡ. ಊರೆಲ್ಲ ಬಂತು. ಬಂದವರು, ಮಾತಾಡಿದರೆ ನೀರು ಕದಡುತ್ತೇನೋ ಅನ್ನೋ ಹಾಗೆ ಉಸಿರು ಹಿಡಿದರು. ದೇವೀರಮ್ಮಣ್ಣಿ ಸೆರಗಿನ ಗಂಟು ಬಿಚ್ಚಿ ಉಳಿದ ನೂರೈವತ್ತನ್ನೂ ಎಣಿಸಿ ಕೊಟ್ಟುಬಿಟ್ಟರು.

ಅರ್ಧ ಕೆಲಸದ ಸುದ್ದಿ ಕೇಳಿ ನಿಂಗಾಜಮ್ಮ ಬೈಯೋಕೆ ಅಂತಲೇ ಹೊಳೆ ದಾಟಿ ಓಡಿ ಬಂದಳು. ಬಾಗಿಲಲ್ಲೇ ಶುರು ಮಾಡಿದಳು. "ಲೋ ಪೆದ್ದೇ, ನಾನು ಹೇಳಿದ್ದೇನು..."

ಎದುರಿಗೆ ಒಬ್ಬಳು ಮುದುಕಿ ಬೈಯುತ್ತಾ ಬರುತ್ತಿದ್ದಳು.

"ಯಾರೋ ಇವಳು?"

"ನೀನೇ ಕಣವ್ವ."

ಅವಳ ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣುತ್ತಿರಲಿಲ್ಲ. ತಲೆಯಿಂದ ಕಾಲಿನವರೆಗೆ ತನ್ನನ್ನ ತಾನು ಅವಳು ನೋಡಿದ್ದೇ ಇಲ್ಲ. ನರೆತ ಕೂದಲು ನೋಡಿದಳು. ಬಗ್ಗಿದ ಬೆನ್ನು ನೋಡಿದಳು. ಆ ಬೆನ್ನ ಹಿಂದೆ ಸುಣ್ಣದ ಕೈ ಇಳಿಬಿಟ್ಟುಕೊಂಡು ನಿಂತ ಮಗನನ್ನ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ತಿರುಗಿ ಮಗನ ಎರಡು ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು.

"ನಿನ್ನ ಕೈಗೆ ಬೆಲೆ ಕಟ್ಟೋಕೆ ಯಾರ ಕೈಲೂ ಆಗಲ್ಲ ಕಣೋ ಮಗ" ಅಂದಳು.

"ಸರಿ ಕಣವ್ವ" ಅಂದ ಮಾಯಿಗ.

ದೇವೀರಮ್ಮಣ್ಣಿ ಮುಂದೆ ಬಂದರು. ಅವರ ಕಣ್ಣಲ್ಲೂ ನೀರಿತ್ತು. "ನಿನ್ನ ಹತ್ತಿರ ಇನ್ನು ಚೌಕಾಶಿ ಇಲ್ಲಪ್ಪ. ಉಳಿದ ಅರ್ಧಕ್ಕೆ ಬೇರೆ ಕೂಲಿ ಕೊಡ್ತೀನಿ. ಐನೂರು ಹೇಳು, ಸಾವಿರ ಹೇಳು, ಬಾಯಿ ಬಿಟ್ಟು ಹೇಳು. ಕೊಟ್ಟೆ."

ಊರಿಗೆ ಊರೇ ಅವನ ಬಾಯಿ ನೋಡಿತು. ಮಾಯಿಗ ತನ್ನ ಕೈ ನೋಡಿಕೊಂಡ. ತುಂಬ ಯೋಚನೆ ಮಾಡಿದ.

"ಕೈಗೆ ಬೆಲೆ ಕಟ್ಟೋಕಾಗಲ್ವಂತೆ ಅಮ್ಮಾವ್ರೆ, ಅವ್ವ ಹೇಳವಳೆ. ಕಾಲಿಗಾದ್ರೆ ಮೂರು ರೂಪಾಯಿ. ಎರಡೂ ಸೇರಿ."

ಅಂದವನು ಇಟ್ಟಿಗೆ ಗೋಡೆ ಮುಂದೆ ಅಂಗಾತ ಮಲಗಿ, ಪಂಚೆ ಮೇಲೆ ಕಟ್ಟಿ, ಎಡಗಾಲನ್ನ ಗಾರೆ ಬಾಂಡ್ಲಿಗೆ ಅದ್ದಿದ.