ಬಡಗಿಯ ಮನೆಯ ತೊಟ್ಟಿಲು

"ಭಾಷೆಯ ಅಡಿಪಾಯ ಕಲಿತದ್ದಾಯಿತು ಟೀಚರ್. ಇನ್ನು ಮುಂದೆ ಏನು ಕಲಿಯಲಿ?" ಎಂದು ಇಂದುಮತಿ ಕೇಳಿದಳು.

ಅದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಭಾಷೆ. ಫಿಲೋಮಿನಾ ಟೀಚರ ಸಂಜೆಯ ತರಗತಿಯಲ್ಲಿ ಮೊದಲು ಕಲಿತು ಮುಗಿಸಿದವಳು ಅವಳೇ. ಮುಗಿಸಿದ ದಿನದಿಂದ ನೆಮ್ಮದಿಯಿಲ್ಲ. ವೆಬ್‌ಸೈಟ್ ಕಲಿ ಎಂದರು ಒಬ್ಬರು, ಆ್ಯಪ್ ಮಾಡು ಎಂದರು ಇನ್ನೊಬ್ಬರು. ಈ ಭಾಷೆಯನ್ನೇ ಬಿಟ್ಟು ಬೇರೆಯದನ್ನು ಹಿಡಿ ಎಂದ ಚಿಕ್ಕಪ್ಪನ ಮಗ. ಅವಳು ಎಲ್ಲವನ್ನೂ ಶುರು ಮಾಡಿದಳು, ಯಾವುದನ್ನೂ ಮುಗಿಸಲಿಲ್ಲ. ತಪ್ಪು ದಾರಿ ಹಿಡಿದರೆ ಕಲಿತದ್ದೆಲ್ಲ ನೀರುಪಾಲು ಎಂಬ ಭಯ. ಇವತ್ತು ಉತ್ತರ ಸಿಗದಿದ್ದರೆ ಈ ಸಹವಾಸವೇ ಬೇಡ ಎಂದುಕೊಂಡು ಬಂದಿದ್ದಳು.

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಇಂದುಮತಿಯ ಫೋನ್ ಹೊಡೆದುಕೊಂಡಿತು. "ನಮ್ಮ ರಾಗಿ ಬೀಸಿ ಆಯ್ತೇನಮ್ಮಾ?" ಎಂದು ಗಿರಾಕಿಯೊಬ್ಬರ ದನಿ. ಅವಳ ತಾಯಿಯದು ಹಿಟ್ಟಿನ ಗಿರಣಿ. ಯಂತ್ರದ ಸದ್ದಿನಲ್ಲಿ ತಾಯಿಗೆ ಫೋನ್ ಕೇಳಿಸುವುದಿಲ್ಲವೆಂದು ಗಿರಾಕಿಗಳೆಲ್ಲ ಮಗಳಿಗೇ ಮಾಡುತ್ತಾರೆ.

"ಅಮ್ಮನ್ನ ಕೇಳಿ ಹೇಳ್ತೀನಿ" ಎಂದು ಅವಳು ಫೋನನ್ನು ಮಗುಚಿಟ್ಟಳು. "ಇದೊಂದು ಕಾಟ ಟೀಚರ್, ದಿನವಿಡೀ ಇದೇ ಪ್ರಶ್ನೆ. ನೀವು ಹೇಳಿ."

ಟೀಚರ್ ಒಂದು ಕಥೆ ಹೇಳಿದರು.

ಒಬ್ಬ ಬಡಗಿ ಇದ್ದ. ಗರಗಸ, ಉಳಿ, ಉಜ್ಜುಗೊರಡು ಮೂರೂ ಅವನ ಕೈಗೆ ಒಗ್ಗಿದವು. ಮುಂದೇನು ಎಂದು ತಿಳಿಯದೆ ಊರು ಬಿಟ್ಟ. ಗಾಡಿ ಮಾಡುವವನ ಬಳಿ ಒಂದು ಮಳೆಗಾಲ ಕೂತ. ಅಷ್ಟರಲ್ಲಿ ಯಾರೋ ಬಾಗಿಲ ಕೆತ್ತನೆಯೇ ನಿಜವಾದ ವಿದ್ಯೆ ಎಂದರು. ಕೆತ್ತುವವನ ಬಳಿಗೆ ಹೋದ. ಅಲ್ಲಿ ವೀಣೆ ಮಾಡುವವನ ಹೆಸರು ಕೇಳಿಬಂತು. ಹೋದಲ್ಲೆಲ್ಲ ಒಂದೊಂದು ಹೊಸ ಉಳಿ ಕೊಂಡ. ಚೀಲ ಭಾರವಾಯಿತು, ಕೈ ಹಾಗೇ ಇತ್ತು.

ಮನೆಗೆ ಬಂದಾಗ ಹೆಂಡತಿ ಹೆತ್ತಿದ್ದಳು. ಮಗು ಜಂತೆಗೆ ಕಟ್ಟಿದ ಹಳೆ ಸೀರೆಯಲ್ಲಿ ತೂಗುತ್ತಿತ್ತು.

"ಬಡಗಿಯ ಮಗುವಿಗೆ ಸೀರೆಯೇ ಗತಿಯಾ ಅಂತ ನೀರಿಗೆ ಹೋದಲ್ಲೆಲ್ಲ ನಗ್ತಾರೆ" ಎಂದಳು ಹೆಂಡತಿ. "ಆ ಚೀಲದಲ್ಲಿ ಏನು ತಂದಿರೋ, ಮಗುವನ್ನ ಅದರಲ್ಲೇ ಮಲಗಿಸೋಣವಾ?"

ನಾಚಿಕೆಯಿಂದ ಅವನು ತೊಟ್ಟಿಲು ಮಾಡಿ ತೂಗುಹಾಕಿದ. ಹಳೆಯ ಮೂರು ಹತ್ಯಾರಗಳೇ ಸಾಕಾದವು. ಆದರೆ ತೂಗಿ ತೂಗಿ ಮೂಲೆಯ ಕೀಲು ಸಡಿಲವಾಯಿತು. ಮಗು ಕಣ್ಣು ಮುಚ್ಚುವುದಕ್ಕೂ ತೊಟ್ಟಿಲು ಕಿರುಗುಟ್ಟುವುದಕ್ಕೂ ಸರಿಹೋಗುತ್ತಿತ್ತು. ಮೊಳೆ ಹೊಡೆದ, ಮರ ಸೀಳಿತು. ಮಗು ಅತ್ತಿತು, ತಾಯಿ ಅತ್ತಳು.

ಅವನು ಗಾಡಿಯವನ ಬಳಿಗೆ ಓಡಿದ. "ಅಲುಗಿದರೂ ಸಡಿಲವಾಗದ ಕೀಲು ಹೇಗೆ ಕೂರಿಸೋದು ಅಣ್ಣಾ?"

"ಅಯ್ಯೋ ಮಾರಾಯ!" ಎಂದ ಗಾಡಿಯವನು. "ಮಳೆಗಾಲ ಪೂರ್ತಿ ಇಲ್ಲೇ ಕೂತು ಯಾವ ಕಸುಬು ದೊಡ್ಡದು ಅಂತ ಕೇಳಿದೆ. ಇದನ್ನ ಕೇಳಲೇ ಇಲ್ಲವಲ್ಲ! ಒಣಗಿದ ಬೆಣೆಯನ್ನ ಹಸಿ ಮರದ ತೂತಿಗೆ ಹೊಡಿ. ಮರ ಒಣಗ್ತಾ ಒಣಗ್ತಾ ತಾನೇ ಬಿಗಿ ಹಿಡಿಯುತ್ತೆ."

ಊಟದ ಹೊತ್ತಿಗೆ ಆ ವಿದ್ಯೆ ಕೈಗೆ ಬಂತು. ಬಡಗಿ ಹಸಿ ಮರ ತಂದು ಮೂಲೆಯ ಕೀಲುಗಳನ್ನು ಕೂರಿಸಿದ. ಮಗು ಮಲಗಿತು, ತಾಯಿ ಮಲಗಿದಳು. ತೊಟ್ಟಿಲ ಪಕ್ಕದಲ್ಲೇ ಬಡಗಿಯೂ ಗೊರಕೆ ಹೊಡೆದ. ಊರು ಬಿಟ್ಟ ಮೇಲೆ ಅದು ಅವನ ಮೊದಲ ನೆಮ್ಮದಿಯ ನಿದ್ದೆ. ಮುಂದೆ ಮಗು ಅಂಚು ಹಿಡಿದು ಎದ್ದು ನಿಲ್ಲತೊಡಗಿದಾಗ, ಅದು ಬೀಳದಂತೆ ಸುತ್ತ ಮರದ ಕಂಬಿ ಕಡೆದು ಕೂರಿಸುವುದನ್ನು ಕಲಿತ. ಏನು ಕಲಿಯಲಿ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ.

ಇಂದುಮತಿ ನಕ್ಕುಬಿಟ್ಟಳು. ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಂತಾಯಿತು. ಆದರೂ ಕೇಳಿದಳು: "ಅವನಿಗೇನೋ ತೊಟ್ಟಿಲಿತ್ತು ಟೀಚರ್. ನನಗೇನಿದೆ?"

ಮಗುಚಿಟ್ಟ ಫೋನ್ ಮೇಜಿನ ಮೇಲೆ ಮತ್ತೆ ಹೊಡೆದುಕೊಳ್ಳತೊಡಗಿತು. ಅವಳು ಸುಮ್ಮನಾಗಿಸಲು ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ರಾಗಿ ಬೀಸಿ ಆಯಿತೇ ಎಂಬ ಪ್ರಶ್ನೆಗೆ ತಾನು ಬರೆದ ಪ್ರೋಗ್ರಾಮೇ ಉತ್ತರ ಕೊಡುವಂತಿದ್ದರೆ?

"ಅಗೋ ಮಗಳೇ," ಎಂದರು ಟೀಚರ್, "ನಿನ್ನ ತೊಟ್ಟಿಲು ಕಿರುಗುಟ್ಟುತ್ತಿದೆ."