ಕುಂಬಾರ ಹುಳು ಗುಂಯ್‌ಗುಟ್ಟುವುದೇಕೆ?

ಭೂಮಿ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಕೆರೆ, ಗಾಳಿ, ಹುಳ ಹುಪ್ಪಟೆ ಎಲ್ಲವೂ ಮಾತಾಡುತ್ತಿದ್ದವು.

ಆಗ ಕುಂಬಾರ ಹುಳು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ನಿಜ ಹೇಳಬೇಕೆಂದರೆ, ಕೆಲಸವನ್ನೇ ಮಾಡುತ್ತಿರಲಿಲ್ಲ.

ಅದರ ಹೊಟ್ಟೆಯಲ್ಲೊಂದು ಮೊಟ್ಟೆಯಿತ್ತು. ಮೊಟ್ಟೆಯಿಡಲು ಮಣ್ಣಿನ ಮನೆ ಬೇಕಿತ್ತು. ಹುಳು ಕೆರೆಯಂಚಿಗೆ ಹೋಗಿ, ಮನೆಗೆ ಬೇಕಾದಷ್ಟೂ ಕೆಸರನ್ನು ಒಟ್ಟಿಗೇ ಎತ್ತಲು ನೋಡಿತು. ಆಗಲಿಲ್ಲ.

"ನಾಳೆ ಶಕ್ತಿ ಬರುತ್ತೆ. ನಾಳೆ ಕಟ್ತೀನಿ," ಅಂದಿತು.

ಅಷ್ಟರಲ್ಲಿ ಗಾಳಿ ಬಂತು. "ಏ ಹುಳವ್ವ, ಹೊಂಗೆ ಹೂ ಬಿಟ್ಟಿದೆ, ಬಾರೇ!"

ಹುಳು ಹೋಯಿತು.

ಮರುದಿನವೂ "ನಾಳೆ ಕಟ್ತೀನಿ," ಅಂದಿತು. ಗಾಳಿ ಬಂತು. "ಏ ಹುಳವ್ವ, ಜೇನು ಕುಣೀತಿದೆ, ಬಾರೇ!"

ಹುಳು ಹೋಯಿತು.

ಬಿಸಿಲು ಏರಿತು. ಕೆರೆಯ ನೀರು ಹಿಂದೆ ಸರಿಯಿತು. ಕೆಸರು ಬಿರುಕು ಬಿಟ್ಟಿತು. ಮೊಟ್ಟೆ ಭಾರವಾಯಿತು.

"ಕೆರೆಯವ್ವಾ, ಮಣ್ಣೆಲ್ಲ ಕಲ್ಲಾಯ್ತು. ನನ್ನ ಕೂಸನ್ನ ಎಲ್ಲಿಡಲಿ?" ಹುಳು ಅಳತೊಡಗಿತು.

"ಆ ಅಳುವನ್ನ ನಾಳೆಗೆ ಇಟ್ಕೋ, ಮಗಳೇ," ಅಂದಿತು ಕೆರೆ. "ನನ್ನ ಮಗ್ಗುಲಲ್ಲಿ ಇನ್ನೂ ಗೇಣಗಲ ಕೆಸರಿದೆ. ನಿನ್ನ ಬಾಯಿ ಎಷ್ಟು ಹಿಡಿಯುತ್ತೆ?"

"ಸಾಸಿವೆ ಕಾಳಿನಷ್ಟು."

"ಹಾಗಾದರೆ ಮನೆಯ ಯೋಚನೆ ಬಿಡು. ಸಾಸಿವೆ ಕಾಳಿನಷ್ಟು ತಗೊಂಡು ಹೋಗು."

ಹುಳು ಪುಟ್ಟ ಉಂಡೆಯೊಂದನ್ನು ಕಚ್ಚಿಕೊಂಡು ಹೋಗಿ ಬಂಡೆಗೆ ಮೆತ್ತಿತು. ಮತ್ತೆ ಬಂತು, ಮತ್ತೆ ಮೆತ್ತಿತು. ಗೋಡೆ ಬಳೆಯಂತೆ ಸುತ್ತಿಕೊಂಡು ಮೇಲೆದ್ದಿತು.

ಗಾಳಿ ಬಿಡಬೇಕಲ್ಲ! "ಏ ಹುಳವ್ವ, ನವಿಲು ಗರಿ ಬಿಚ್ಚಿದೆ! ಒಂದೇ ಒಂದು ಸಲ ನೋಡಿಕೊಂಡು ಹೋಗೇ!"

ಹುಳುವಿನ ರೆಕ್ಕೆ ಅತ್ತ ತಿರುಗಿಯೇಬಿಟ್ಟಿತು. ಆದರೆ ಬಾಯಲ್ಲಿದ್ದ ಕೆಸರು ಒಣಗುತ್ತಿತ್ತು. ಬಾಯಿ ತುಂಬ ಮಣ್ಣು, ಬರಲ್ಲ ಅನ್ನಲೂ ಆಗದು. ಗಾಳಿಯ ಮಾತು ಕೇಳಿಸದಿರಲಿ ಎಂದು ಅದು ಎದೆಯೊಳಗಿಂದಲೇ ಗುನುಗಿತು: ಗುಂಯ್ಯ್ಯ್!

ಗುನುಗಿದಾಗ ಮೈ ನಡುಗಿತು. ಮೈ ನಡುಗಿದಾಗ ಮಣ್ಣು ಮೆತ್ತಗಾಗಿ ಬೆಣ್ಣೆಯಂತೆ ಹರಡಿತು. ಹುಳುವಿಗೇ ಆಶ್ಚರ್ಯ! ಇನ್ನೂ ಜೋರಾಗಿ ಗುನುಗಿತು.

"ಇವಳಿಗೆ ಕಿವಿಯೇ ಇಲ್ಲ!" ಗಾಳಿ ಮುನಿಸಿಕೊಂಡು ಹೋಯಿತು. ಸಂಜೆ ಸಿಟ್ಟಿಳಿದು ಬಂದು, ಹಸಿ ಗೋಡೆಗೆ ಮೆಲ್ಲಗೆ ಬೀಸಿ ಒಣಗಿಸಿತು.

ಕೆಸರು ಮುಗಿಯುವ ಮೊದಲೇ ಮನೆ ಮುಗಿಯಿತು. ಮೊಟ್ಟೆ ಒಳಗೆ ತಣ್ಣಗೆ ಮಲಗಿತು.

ಅದಕ್ಕೇ ಕಂದಾ, ನಮ್ಮ ಕಿಟಕಿಯ ಮೂಲೆಗೆ ಬರುವ ಕುಂಬಾರ ಹುಳು ಇವತ್ತಿಗೂ ಚೂರೇ ಚೂರು ಮಣ್ಣು ತಂದು, ಗುಂಯ್ ಎನ್ನುತ್ತ ಮೆತ್ತುತ್ತದೆ. ನೀನು ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ.