ಸೀಲ್ ಮರಿಯ ಚಿತ್ರ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮಾರನೆಯ ದಿನ. ಶಾಲೆಗೆಂದು ಹೊರಟವನು ಶಾಲೆ ದಾಟಿ ಹೋದೆ. ಊರೂರು ಸುತ್ತುತ್ತ ಕಡೆಗೆ ಒಂದು ಮಠಕ್ಕೆ ಬಂದು ಅಲ್ಲಿಯ ಸ್ವಾಮಿಗಳಾದ ಅಜ್ಜನವರ ಹತ್ತಿರ ಕೆಲವು ಕಾಲ ಇದ್ದೆ. ಒಂದು ಸಂಜೆ ಅವರನ್ನು ಕೇಳಿದೆ:

“ಅಜ್ಜಾರ, ನಾ ಎಲ್ಲಿ ಹೋದರೂ ಯಾರದೂ ಏನೂ ಮುಟ್ಟಾಂವಲ್ಲ. ಬರೇ ನೋಡಿ ಮುಂದಕ್ಕ ಹೋಗ್ತೀನಿ. ನೋಡಿದ್ರ ಯಾರಿಗೇನು ಕೆಡಕ್ರಿ?”

ಕಾಲಿಗೆ ಚಕ್ರ ಕಟ್ಟಿಕೊಂಡವನು ಒಂದು ಗಳಿಗೆ ಕೂರುವುದಾದರೆ ಹೇಳುತ್ತೇನೆ ಎಂದರು ಅಜ್ಜನವರು. ಕೂತೆ.

ದೂರದ ತಣ್ಣನೆಯ ಕಡಲಿನಲ್ಲಿ ಒಂದು ದ್ವೀಪ. ಅಲ್ಲಿ ಸೀಲ್ ಎಂಬ ಪ್ರಾಣಿಗಳಿದ್ದವು. ಮೈಮೇಲಿನ ತುಪ್ಪಳಕ್ಕಾಗಿ ಜನ ಅವನ್ನು ಬಡಿದು ಬಡಿದು ಕೊಂದರು. ಇನ್ನೇನು ಕುಲವೇ ಅಳಿಯಿತು ಎನ್ನುವಾಗ, ಯಾರೂ ಮುಟ್ಟಕೂಡದು ಎಂದು ಕಾನೂನಾಯಿತು. ತಾಯಿ ಸೀಲ್ ಮರಿಯನ್ನು ದಡದಲ್ಲಿ ಬಿಟ್ಟು ಮೀನಿಗಾಗಿ ದಿನಗಟ್ಟಲೆ ಕಡಲಿಗೆ ಹೋಗುತ್ತದೆ. ತಿರುಗಿ ಬಂದು ಕೂಗುತ್ತದೆ. ಮರಿ ದನಿಗೊಡುತ್ತದೆ. ಬೇರೆ ತಾಯಂದಿರು ಅದಕ್ಕೆ ಹಾಲು ಕೊಡುವುದಿಲ್ಲ. ದಾರಿಯಲ್ಲಿ ಮನುಷ್ಯ ಕಂಡರೆ ತಾಯಿ ಮತ್ತೆ ನೀರಿಗೇ ಇಳಿಯುತ್ತದೆ.

ಒಬ್ಬ ಫೋಟೋಗ್ರಾಫರ್ ಆ ದ್ವೀಪಕ್ಕೆ ಹೋದ. ಒಳ್ಳೆಯ ಮನುಷ್ಯ. ತುಪ್ಪಳದ ಕೋಟು ತೊಟ್ಟವರು ಬಂದರೆ ಪಂಕ್ತಿಯಿಂದ ಎದ್ದು ಹೋಗುವವನು. ಬಡಕಲಾದ ಒಂದು ಮರಿಯನ್ನು ಕಂಡು, ನೀರಿಗೆ ಬೆನ್ನು ಹಾಕಿ, ಎರಡು ಬಂಡೆಗಳ ಸಂದಿಯಲ್ಲಿ ಕೂತ. ಅಲ್ಲಿಂದ ಬೆಳಕು ಚೆನ್ನಾಗಿತ್ತು. ಕಡಲಿನಿಂದ ಮರಿಯ ಕಡೆಗೆ ಹತ್ತಿ ಬರಲು ಇದ್ದದ್ದೂ ಆ ಸಂದಿಯೊಂದೇ.

ಹಿಂದೆ ಏನೋ ಕೂಗಿತು. ಸಾವಿರಾರು ಸೀಲ್ ಕೂಗುವ ಜಾಗ. ಅವನು ತಿರುಗಲಿಲ್ಲ. ಮರಿ ನೆಟ್ಟಗೆ ಅವನತ್ತ ನೋಡಿ ಬಾಯಿ ತೆರೆದು ಕೂಗಿತು. ತನ್ನನ್ನೇ ಕರೆಯುತ್ತಿದೆ ಎಂದು ಅವನ ಕಣ್ಣು ತುಂಬಿತು. ಬೆಳಕು ಹೋಗುವವರೆಗೂ ಚಿತ್ರ ತೆಗೆದ. ಮಾರನೆಯ ದಿನವೂ ಬಂದು ಅಲ್ಲೇ ಕೂತ.

ಊರಿಗೆ ಬಂದವನು ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿದ. ಮರಿಯ ಕಣ್ಣು ಊಟದ ತಟ್ಟೆಯಷ್ಟಾಯಿತು. ಅದರ ಕಪ್ಪಿನಲ್ಲಿ, ಕೂತ ಮನುಷ್ಯನೊಬ್ಬನ ಆಕಾರ ಮೂಡಿತ್ತು. ಅವನ ಹೆಗಲ ಹಿಂದೆ, ನೀರಿನಿಂದ ಮೇಲೆದ್ದ ದೊಡ್ಡ ಸೀಲಿನ ತಲೆ.

ಅವನು ಹತ್ತಿರ ಬಾಗಿ ನೋಡಿದ. ಆಮೇಲೆ, ಪ್ರಿಂಟಿನ ಮೇಲಿನ ಧೂಳಿನ ಚುಕ್ಕೆಗಳನ್ನು ಮುಚ್ಚುವ ಸಣ್ಣ ಕುಂಚ ತೆಗೆದುಕೊಂಡು ಆ ತಲೆಯ ಮೇಲೆ ಕಪ್ಪು ತುಂಬಿದ.

ಕೊಳ್ಳಲು ಒಬ್ಬ ವ್ಯಾಪಾರಿ ಬಂದ. ಚಿತ್ರದ ಮುಂದೆ ನಿಂತು, “ಎಷ್ಟು ಅಕ್ಕರೆಲೆ ನೋಡಾಕತ್ತೈತ್ರಿ ನಿಮ್ಮನ್ನ. ಹಡೆದವ್ವನ್ನ ನೋಡಿದಂಗ,” ಎಂದ.

“ಹೌದ್ರಿ,” ಎಂದ ಫೋಟೋಗ್ರಾಫರ್.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ನಾನು ತಡೆಯಲಾರದೆ, ಆ ಮರಿ ಬದುಕಿತೋ ಸತ್ತಿತೋ ಎಂದು ಕೇಳಿದೆ.

“ಅವಂಗೂ ಗೊತ್ತಿಲ್ಲೋ ಗದಿಗೆಪ್ಪಾ, ಅಷ್ಟೊತ್ತಿಗೆ ಅಂವ ಬ್ಯಾರೆ ದ್ವೀಪಕ್ಕ ಹೊಂಟಿದ್ದ.”

ನಾನು ಎದ್ದೆ. ಒಳಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಅಂಗಿ ತೆಗೆದು, ಮುಂದಿನ ಊರಿಗೆಂದು ಚೀಲಕ್ಕೆ ತುಂಬಿದೆ.